ಉಳಿದ ಅನ್ನಕ್ಕೆ ವಾರದ ಪಟ್ಟಿಯಲ್ಲಿ ಸ್ಥಾನ

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಮರುದಿನದ ತಿಂಡಿಗೆ ಬಳಸುವುದು ಸುರಕ್ಷಿತವೇ? ವಾರದ ಅಡುಗೆಯ ಯೋಜನೆಯಲ್ಲಿ ಅದನ್ನು ಸೇರಿಸುವುದು ಹೇಗೆ?

ಉತ್ತರ: ಬಳಸಬಹುದು, ಆದರೆ ಅನ್ನ ಎಷ್ಟು ಹೊತ್ತು ಹೊರಗಿತ್ತು ಎಂಬುದೇ ಮುಖ್ಯ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯದೆ, ಬೆಚ್ಚಗಿನ ಅನ್ನದಲ್ಲಿ ಮೊಳೆತು, ವಾಂತಿ ತರಿಸುವ ವಿಷವನ್ನು ಉತ್ಪಾದಿಸಬಲ್ಲವು. ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಊಟ ಮುಗಿದೊಡನೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಬೇಯಿಸಿದ 2 ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು, ಮರುದಿನವೇ ಬಳಸಿ. ತಣ್ಣಗಾದ ಅನ್ನ ಉದುರುದುರಾಗಿರುವುದರಿಂದ ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಭಾನುವಾರ ಪಟ್ಟಿ ಬರೆಯುವಾಗಲೇ ಒಂದು ಬೆಳಗನ್ನು ಚಿತ್ರಾನ್ನಕ್ಕೂ, ಇನ್ನೊಂದನ್ನು ಹುಳಿ ಬಂದ ಇಡ್ಲಿ ಹಿಟ್ಟಿನ ಪಡ್ಡಿಗೂ ಮೀಸಲಿಡಿ.