ಇದು ರಾಮಕೋಟಿ ಅಲ್ಲ

ಓದುಗರ ಪತ್ರ:

ಸಂಪಾದಕರೇ, ಹೋದ ತಿಂಗಳ ಸಂಚಿಕೆಯಲ್ಲಿ ‘ಬರೆದರೆ ಮನಸ್ಸು ಹಗುರ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಯಾರಿಗೆ ಹಗುರ ಆಯ್ತು, ಹೇಳಿ. ಅಪ್ಪ ತೀರಿಕೊಂಡ ಮೇಲೆ ತೋಟದ ಪಾಲಿನ ವಿಷಯದಲ್ಲಿ ಅಣ್ಣ ಬಂದು ನನ್ನಿಂದ ಸಹಿ ಹಾಕಿಸಿಕೊಂಡ. ಅವತ್ತಿನಿಂದ ನಿದ್ದೆ ಇಲ್ಲ. ಕೌನ್ಸೆಲರ್ ಹತ್ತಿರ ಹೋದೆ. ‘ಮನಸ್ಸಿಗೆ ಬಂದದ್ದನ್ನೆಲ್ಲ ಬರೀರಿ’ ಅಂದರು. ಎರಡು ತಿಂಗಳಿಂದ ದಿನಾ ರಾತ್ರಿ ಬರೆಯುತ್ತಿದ್ದೇನೆ. ಇನ್ನೂರು ಪುಟದ ನೋಟ್‌ಬುಕ್ ಮುಗಿಯುತ್ತಾ ಬಂತು. ಬರೆದಷ್ಟೂ ಸಿಟ್ಟು ಜಾಸ್ತಿ ಆಗುತ್ತಿದೆ. ನೋಟ್‌ಬುಕ್ ಅಕ್ಕಿ ಡಬ್ಬಿಯ ಹಿಂದೆ ಇಡುತ್ತೇನೆ. ಒಮ್ಮೆ ಅತ್ತೆ ಕಂಡು ‘ರಾಮಕೋಟಿಯಾ?’ ಅಂತ ಕೇಳಿದರು. ಹೌದು ಅಂದೆ. ಎರಡು ಪುಟ ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ. ಅದರ ಬಗ್ಗೆ ಬರೆಯುವುದಾದರೆ ಬರೆಯಿರಿ, ಹೆಸರು ಮಾತ್ರ ಬೇಡ. ನಾನು ಬರೆಯುವ ರೀತಿ ತಪ್ಪಾ, ಇಲ್ಲ ಈ ಮದ್ದೇ ಸುಳ್ಳಾ?

– ಹೆಸರು ಬೇಡ, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ತಲೆಬರಹ ಕೊಟ್ಟವನು ನಾನೇ. ಲೇಖನದ ಒಳಗೆ ‘ಕೆಲವರಿಗೆ’, ‘ಸ್ವಲ್ಪ ಮಟ್ಟಿಗೆ’ ಅಂತೆಲ್ಲ ಇತ್ತು. ತಲೆಬರಹದಲ್ಲಿ ಜಾಗ ಸಾಲದೆ ಅವೆಲ್ಲ ಬಿದ್ದುಹೋದವು. ನಿಮ್ಮ ಸಿಟ್ಟು ನ್ಯಾಯವಾದದ್ದು.

ಮದ್ದು ಸುಳ್ಳಲ್ಲ. ಆದರೆ ನಿಮಗೆ ಅಳತೆ ಹೇಳದೆ ಬಾಟಲಿ ಕೈಗೆ ಕೊಟ್ಟ ಹಾಗಾಗಿದೆ.

ಇದು ಶುರುವಾದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಮನಶ್ಶಾಸ್ತ್ರಜ್ಞರು 46 ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಬರೆಸಿದರು. ದಿನಕ್ಕೆ 15 ನಿಮಿಷ, ಸಾಲಾಗಿ ನಾಲ್ಕು ರಾತ್ರಿ. ಅಷ್ಟೇ. ಕೆಲವರಿಗೆ ಸುಮ್ನೆ ಯಾವುದೋ ಸಾಮಾನ್ಯ ವಿಷಯ ಕೊಟ್ಟರು. ಉಳಿದವರಿಗೆ ತಮ್ಮ ಬದುಕಿನ ಅತಿ ನೋವಿನ ಘಟನೆ. ಅವರಲ್ಲೂ ಕೆಲವರು ನಡೆದದ್ದನ್ನಷ್ಟೇ ಬರೆದರು, ಕೆಲವರು ಅನಿಸಿದ್ದನ್ನಷ್ಟೇ, ಇನ್ನು ಕೆಲವರು ಎರಡನ್ನೂ. ಫಲಿತಾಂಶ 1986ರಲ್ಲಿ ಅಚ್ಚಾಯಿತು. ಎರಡನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದು ಎದ್ದ ಗಳಿಗೆಯಲ್ಲಿ ಅವರ ರಕ್ತದೊತ್ತಡ ಏರಿತ್ತು, ಮನಸ್ಸು ಕುಗ್ಗಿತ್ತು. ನಮ್ಮ ತಲೆಬರಹ ಮುಚ್ಚಿಟ್ಟ ಸಂಗತಿ ಇದೇ. ಬರೆದ ತಕ್ಷಣ ಹಗುರ ಆಗುವುದಿಲ್ಲ, ಭಾರವೇ ಆಗುತ್ತದೆ. ಅವರು ಬರೆಸಿದ್ದಾದರೂ ನಾಲ್ಕೇ ದಿನ. ನಿಮ್ಮದು ಎರಡು ತಿಂಗಳು ಆಯಿತು.

ಆಮೇಲೆ ಬೇರೆಯವರೂ ಪ್ರಯತ್ನಿಸಿದರು. 1999ರಲ್ಲಿ ಆಸ್ತಮಾ ಮತ್ತು ಸಂಧಿವಾತ ಇದ್ದ 112 ಮಂದಿಯ ಅಧ್ಯಯನ ಬಂತು. ನೋವಿನ ಅನುಭವವನ್ನು ಮೂರು ದಿನ 20 ನಿಮಿಷದಂತೆ ಬರೆದವರಲ್ಲಿ ನಾಲ್ಕು ತಿಂಗಳ ನಂತರ ಸುಮಾರು ಶೇ. 47 ಮಂದಿಗೆ ಕಾಯಿಲೆ ಗಮನಾರ್ಹವಾಗಿ ಸುಧಾರಿಸಿತ್ತು. ಸಾದಾ ವಿಷಯ ಬರೆದವರಲ್ಲಿ ಹಾಗೆ ಸುಧಾರಿಸಿದವರು ಶೇ. 24. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಕಂಡದ್ದು ಸಣ್ಣ ಲಾಭ. ಇದೆ, ಆದರೆ ಸಣ್ಣದು. ಪವಾಡ ಅಲ್ಲ.

ನಿಮಗೆ ಹತ್ತಿರದ ಅಧ್ಯಯನ 2013ರದ್ದು. ಗಂಡನಿಂದಲೋ ಹೆಂಡತಿಯಿಂದಲೋ ಆಗಷ್ಟೇ ದೂರವಾದ 90 ಜನರ ಮೇಲೆ ಮಾಡಿದ್ದು. ನಡೆದದ್ದನ್ನೇ ತಲೆಯೊಳಗೆ ಮತ್ತೆ ಮತ್ತೆ ಅರೆಯುವವರಿಗೆ ಎದೆ ಬಿಚ್ಚಿ ಬರೆದದ್ದು ಒಳ್ಳೆಯದು ಮಾಡಲಿಲ್ಲ. ಅಂಥವರಲ್ಲಿ ಇಡೀ ದಿನ ಏನು ಮಾಡಿದೆ ಅಂತ ಲೆಕ್ಕ ಬರೆದಿಟ್ಟವರೇ ತಿಂಗಳುಗಳ ನಂತರ ವಾಸಿ ಇದ್ದರು.

ಈಗ ನಿಮ್ಮ ಎರಡು ಪುಟಕ್ಕೆ ಬರುತ್ತೇನೆ. ನಾನು ವೈದ್ಯನಲ್ಲ. ದಿನವಿಡೀ ಬೇರೆಯವರ ಬರಹ ತಿದ್ದುವವನು. ಹಾಗಾಗಿ ನನಗೆ ಗೊತ್ತಿರುವ ಕೆಲಸ ಮಾಡಿದೆ, ಪೆನ್ಸಿಲ್ ಹಿಡಿದು ಓದಿದೆ.

‘ಬಂದ. ಕೂತ. ಚೀಲದಿಂದ ಕಾಗದ ತೆಗೆದ. ಅಪ್ಪನ ಪೆನ್ನೇ ಕೊಟ್ಟ. ಮನೆ ಮಾತು ಮನೆಯಲ್ಲೇ ಇರಲಿ ಅಂದ. ನಕ್ಕ.’ ಅಪ್ಪನ ಪೆನ್ನು ಅನ್ನುವಲ್ಲಿ ನಾನೂ ಒಂದು ಗಳಿಗೆ ನಿಂತುಬಿಟ್ಟೆ. ನೀವು ಚೆನ್ನಾಗಿ ಬರೆಯುತ್ತೀರಿ, ಅದು ಬೇರೆ ಮಾತು. ಆದರೆ ಎಣಿಸಿದೆ. ಎರಡು ಪುಟದಲ್ಲಿ 41 ಕ್ರಿಯಾಪದ. ಅದರಲ್ಲಿ 39 ನಿಮ್ಮ ಅಣ್ಣನವು. ಕನ್ನಡದಲ್ಲಿ ‘ನಾನು’ ಅಂತ ಬೇರೆ ಬರೆಯಬೇಕಾಗಿಲ್ಲ, ಅದು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಅಂದ, ಅಂದೆ. ಕೊಟ್ಟ, ಕೊಟ್ಟೆ. ಒಂದು ಎತ್ವದ ವ್ಯತ್ಯಾಸ. ನಿಮ್ಮ ಪುಟಗಳಲ್ಲಿ ಆ ಎತ್ವ ಬಂದದ್ದು ಎರಡೇ ಕಡೆ, ಕೊನೆಯಲ್ಲಿ: ‘ಕಾಫಿ ಕೊಟ್ಟೆ. ಸಹಿ ಹಾಕಿದೆ.’ ಅಲ್ಲಿಗೆ ಪುಟ ಮುಗಿಯುತ್ತದೆ. ಮಾರನೇ ದಿನದ ಪುಟ ಮತ್ತೆ ‘ಬಂದ’ ಅಂತಲೇ ಶುರು.

ಇನ್ನೊಂದು. ‘ಯಾಕೆ ಹೀಗೆ ಮಾಡಿದ?’ ಅಂತ ಒಂಬತ್ತು ಸಲ ಇದೆ. ‘ಯಾಕೆಂದರೆ’ ಒಂದು ಸಲವೂ ಇಲ್ಲ.

ಇದನ್ನು ಸುಮ್ನೆ ತಪ್ಪು ಹುಡುಕಲು ಹೇಳುತ್ತಿಲ್ಲ. ಪೆನ್ನೆಬೇಕರ್ ಮತ್ತು ಅವರ ಜೊತೆಯವರು ಜನ ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಪದ ಎಣಿಸಿದ್ದರು. ಆರೋಗ್ಯ ಸುಧಾರಿಸಿದವರ ಬರಹದಲ್ಲಿ ದಿನ ಕಳೆದ ಹಾಗೆ ‘ಯಾಕೆಂದರೆ’, ‘ಈಗ ಅರ್ಥವಾಯಿತು’ ಥರದ ಮಾತುಗಳು ಹೆಚ್ಚಿದ್ದವು ಅಂತ 1997ರಲ್ಲಿ ಬರೆದರು. 2003ರಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ನಾನು, ನೀನು, ಅವನು ಅನ್ನುವ ಪದಗಳ ಬಳಕೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ಬದಲಾದವರೇ ಆಮೇಲೆ ಡಾಕ್ಟರ ಹತ್ತಿರ ಹೋಗುವುದನ್ನು ಉಳಿದವರಿಗಿಂತ ಜಾಸ್ತಿ ತಗ್ಗಿಸಿದ್ದರು. ಅವರ ಲೆಕ್ಕ ಇಂಗ್ಲಿಷಿನದ್ದು, ನನ್ನ ಎತ್ವದ ಲೆಕ್ಕ ನನ್ನದೇ. ಎರಡು ಪುಟ ನೋಡಿ ಯಾರ ಮನಸ್ಸನ್ನೂ ಅಳೆಯಲಾಗುವುದಿಲ್ಲ, ಅದೂ ನಿಜ. ಆದರೆ ಒಂದೇ ಪುಟವನ್ನು ಅರವತ್ತು ಸಲ ಬರೆದಿದ್ದೀರಿ ಅಂತ ನನಗನಿಸಿತು. ಅತ್ತೆಯವರು ಕೇಳಿದ್ದು ತಮಾಷೆಯಾಗಿ ಕಂಡರೂ ಸರಿಯಾಗೇ ಕೇಳಿದ್ದಾರೆ. ರಾಮಕೋಟಿಯಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಬರೆಯುವುದೇ ಸಾಧನೆ. ಇಲ್ಲಿ ಅದೇ ತೊಂದರೆ.

ಹಾಗಾದರೆ ಏನು ಮಾಡುವುದು? ನೋಟ್‌ಬುಕ್ ಈಗ ಮುಚ್ಚಿಡಿ. ಮುಂದಿನ ಸಲ ಕೌನ್ಸೆಲರ್ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿರಿ. ಎಲ್ಲ ಓದಿ ಹೇಳಬೇಕಾಗಿಲ್ಲ. ‘ಬರೆದರೆ ಸಿಟ್ಟು ಜಾಸ್ತಿ ಆಗುತ್ತಿದೆ, ನಿದ್ದೆ ಇನ್ನೂ ಬರುತ್ತಿಲ್ಲ’ ಅನ್ನುವ ಮಾತು ಅವರ ಕಿವಿಗೆ ಬೀಳಬೇಕು. ಎಷ್ಟು ದಿನ, ಎಷ್ಟು ಹೊತ್ತು, ಯಾವುದರ ಬಗ್ಗೆ ಅಂತ ಬಾಯಿಬಿಟ್ಟು ಕೇಳಿ. ‘ಮನಸ್ಸಿಗೆ ಬಂದದ್ದನ್ನೆಲ್ಲ’ ಅನ್ನುವುದು ಸಲಹೆ ಆಗುವುದಿಲ್ಲ, ಬೇಜಾರಾದರೂ ಹೇಳಿಬಿಡುತ್ತೇನೆ. ಕೆಟ್ಟ ಆಘಾತ ಕಂಡವರಿಗೆ ಬರವಣಿಗೆಯ ಒಂದು ಚಿಕಿತ್ಸೆಯೇ ಇದೆ. ಐದು ಭೇಟಿ, ಪ್ರತಿ ಸಲ ಅರ್ಧ ಗಂಟೆ ಬರೆಯುವುದು, ಅದೂ ಚಿಕಿತ್ಸಕರ ಜಾಗದಲ್ಲೇ ಕೂತು. 2018ರಲ್ಲಿ 126 ಜನರ ಅಧ್ಯಯನದಲ್ಲಿ ಅದು 12 ಭೇಟಿಯ ಮಾತಿನ ಚಿಕಿತ್ಸೆಗೆ ಕಡಿಮೆ ಇಲ್ಲ ಅಂತ ಕಂಡಿತು. ಅಲ್ಲೂ ಎಲ್ಲದಕ್ಕೂ ಗಡಿ ಇದೆ ನೋಡಿ.

ಮತ್ತೆ ಬರೆಯಬೇಕು ಅನ್ನಿಸಿದರೆ ರಾತ್ರಿ ಬೇಡ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ, ಮೊಬೈಲಿನಲ್ಲಿ ಹದಿನೈದು ನಿಮಿಷ ಇಟ್ಟುಕೊಂಡು, ಬಿಡಿ ಹಾಳೆಯಲ್ಲಿ. ಮೂರೋ ನಾಲ್ಕೋ ದಿನ, ಆಮೇಲೆ ನಿಲ್ಲಿಸಿ. ಕಾಗುಣಿತ ನೋಡಬೇಡಿ (ನನ್ನ ಬಾಯಲ್ಲಿ ಈ ಮಾತು ಬಂದದ್ದೇ ಆಶ್ಚರ್ಯ). ಬರೆಯುತ್ತಾ ತೀರಾ ತಡೆಯಲಾಗದ ಜಾಗಕ್ಕೆ ಬಂದರೆ ಅದನ್ನು ಬಿಟ್ಟು ಬೇರೆಯದು ಬರೆಯಿರಿ. ಪೆನ್ನೆಬೇಕರ್ ಕೂಡ ಹೇಳುವುದು ಇದನ್ನೇ. ಬರೆದದ್ದು ಯಾರೂ ಓದಬೇಕಾಗಿಲ್ಲ, ಇಟ್ಟುಕೊಳ್ಳಲೂ ಬೇಕಾಗಿಲ್ಲ. ನಿಮ್ಮ ಕಡೆ ಬಚ್ಚಲ ಒಲೆ ಇರುತ್ತದಲ್ಲ? ಅಕ್ಕಿ ಡಬ್ಬಿಗಿಂತ ಅದು ಭದ್ರ. ಯಾರಾದರೂ ಓದಿಬಿಟ್ಟರೆ ಅನ್ನುವ ಹೆದರಿಕೆ ಇದ್ದಾಗ ಕೈ ನಿಜ ಬರೆಯುವುದಿಲ್ಲ.

ರಾತ್ರಿಗೆ ಬೇರೆ ಬರವಣಿಗೆ ಇದೆ. 2018ರಲ್ಲೇ 57 ಜನರಿಗೆ ಮಲಗುವ ಮುಂಚೆ ಐದು ನಿಮಿಷ ಬರೆಯಲು ಹೇಳಿದ್ದರು. ಮಾಡಿ ಮುಗಿಸಿದ ಕೆಲಸ ಬರೆದವರಿಗಿಂತ, ಮುಂದೆ ಮಾಡಬೇಕಾದ ಕೆಲಸ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಹತ್ತಿತು. ಗ್ಯಾಸ್ ಬುಕ್ ಮಾಡುವುದು, ಅಡಿಕೆ ಸುಲಿಯುವವರಿಗೆ ಹೇಳಿಕಳಿಸುವುದು, ಅತ್ತೆಯ ಬಿಪಿ ಮಾತ್ರೆ. ಎಷ್ಟು ವಿವರವಾಗಿ ಬರೆದರೆ ಅಷ್ಟು ಒಳ್ಳೆಯದಂತೆ.

ಸಹಿ ಹಾಕಿದ ಪತ್ರದ ಬಗ್ಗೆ ವಕೀಲರನ್ನು ಕಾಣಿ, ತಡ ಮಾಡಬೇಡಿ. ಅದಕ್ಕೆ ನೋಟ್‌ಬುಕ್ ಮದ್ದಲ್ಲ. ಇನ್ನು, ಬದುಕೇ ಬೇಡ ಅನ್ನುವಂಥ ಸಾಲು ಯಾವತ್ತಾದರೂ ಕೈಯಿಂದ ಬಂದರೆ ಹಾಳೆ ಅಲ್ಲಿಗೇ ಬಿಟ್ಟು ಫೋನ್ ಎತ್ತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಜೆರಾಕ್ಸ್ ಪುಟಗಳನ್ನು ಬೇರೆ ಲಕೋಟೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ನಮ್ಮಲ್ಲಿ ನಕಲು ಇಟ್ಟುಕೊಂಡಿಲ್ಲ. ಕೊನೆಯ ಎರಡು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ, ಕಾಫಿ ಕೊಟ್ಟೆ, ಸಹಿ ಹಾಕಿದೆ ಅನ್ನುವ ಕಡೆ. ಮುಂದೆ ಯಾವತ್ತಾದರೂ ಹಾಳೆ ತೆಗೆದುಕೊಂಡರೆ ‘ಬಂದ’ ಬಿಟ್ಟು ಅಲ್ಲಿಂದ ಶುರು ಮಾಡಿ ನೋಡಿ. ನಿಮ್ಮ ಪುಟಕ್ಕೆ ಗೆರೆ ಎಳೆದದ್ದಕ್ಕೆ ಕ್ಷಮಿಸಿ. ಅಭ್ಯಾಸ ಬಿಡುವುದಿಲ್ಲ.

– ಸಂಪಾದಕ