ಟೆಸ್ಟ್ ಬಟನ್ ಒತ್ತಿ ಅರ್ಥಿಂಗ್ ಪಾಸ್ ಮಾಡ್ಬೇಡಿ

ಸರ್, ಆ ಮನೆ ಕೊಳ್ಳೋಕೆ ಅಡ್ವಾನ್ಸ್ ಕೊಡೋದು ಎರಡು ದಿನ ತಡೀರಿ. 25 ವರ್ಷದ ಮನೆ, ಎಲೆಕ್ಟ್ರಿಷಿಯನ್ ಬಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್) ಟೆಸ್ಟ್ ಬಟನ್ ಒತ್ತಿದ್ರು, ಟಕ್ ಅಂತ ಬಿತ್ತು, "ಅರ್ಥಿಂಗ್ ಸರಿ ಇದೆ" ಅಂತ ಲೆಟರ್‌ಹೆಡ್ ಮೇಲೆ ಬರೆದುಕೊಟ್ರು ಅಂತೀರಿ. ನಾನೂ ಒಂದು ಕಾಲಕ್ಕೆ ಇದನ್ನೇ ನಂಬಿದವನು. ಆ ಬಟನ್‌ಗೂ ಅರ್ಥಿಂಗಿಗೂ ಸಂಬಂಧವೇ ಇಲ್ಲ. ಒಳಗಿರೋ ರೆಸಿಸ್ಟರ್ ಮೂಲಕ ಫೇಸ್‌ನಿಂದ ನ್ಯೂಟ್ರಲ್‌ಗೇ ಒಂದಿಷ್ಟು ಕರೆಂಟನ್ನ ಸೋರಿಕೆ ಅಳೆಯೋ ಕಾಯಿಲ್ ತಪ್ಪಿಸಿ ಹರಿಸುತ್ತೆ, ಅಷ್ಟೆ. ಅರ್ಥ್ ವೈರೇ ಎಳೆಯದ ಮನೇಲೂ ಟ್ರಿಪ್ ಆಗುತ್ತೆ.

60 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪನ್ನ ಸಾಕೆಟ್‌ನ ಫೇಸ್‌ಗೂ ಅರ್ಥ್‌ಗೂ ಮಧ್ಯೆ ಹಾಕಿಸಿ. ಹಳೇ ಫಿಲಮೆಂಟ್ ಬಲ್ಬೇ ಆಗ್ಬೇಕು, ಎಲ್‌ಇಡಿ ಚೂರುಪಾರು ಕರೆಂಟಿಗೂ ಮಿಣುಕಿ ದಾರಿ ತಪ್ಪಿಸುತ್ತೆ. ಬಲ್ಬ್ ಎಳೆಯೋದು ಸುಮಾರು 260 ಮಿಲಿಆಂಪ್, ಆರ್‌ಸಿಸಿಬಿ ಬೀಳೋದು 30 ಮಿಲಿಆಂಪ್‌ಗೇ. ಅರ್ಥ್ ನಿಜವಾಗಿ ಭೂಮಿಗೆ ಹೋಗಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಬೀಳ್ಬೇಕು. ಬಲ್ಬೂ ಹತ್ತಲಿಲ್ಲ, ಟ್ರಿಪ್ಪೂ ಆಗ್ಲಿಲ್ಲ ಅಂದ್ರೆ ಅರ್ಥ್ ಎಲ್ಲೋ ಕಟ್. ಬಲ್ಬ್ ಪೂರ್ತಿ ಉರಿದು ಆರ್‌ಸಿಸಿಬಿ ಗಟ್ಟಿಯಾಗಿ ನಿಂತ್ರೆ ಅದು ಎಲ್ಲಕ್ಕಿಂತ ಕೆಟ್ಟದ್ದು: ಬಹುಶಃ ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದಲೇ ಅರ್ಥ್ ಪಿನ್ನಿಗೆ ತುಂಡು ವೈರ್ (ಜಂಪರ್) ಕೊಟ್ಟಿದ್ದಾರೆ. ಮೂರು ದೀಪದ ಪ್ಲಗ್ ಟೆಸ್ಟರ್ ಇದನ್ನ "ಸರಿ" ಅಂತಲೇ ತೋರಿಸುತ್ತೆ. ನಾಳೆ ನ್ಯೂಟ್ರಲ್ ಎಲ್ಲಾದ್ರೂ ಬಿಟ್ಕೊಂಡ್ರೆ ಗೀಸರ್ ಬಾಡಿ ಪೂರ್ತಿ ಫೇಸ್.

ಇದನ್ನ ನೀವೇ ಮಾಡೋಕೆ ಹೋಗ್ಬೇಡಿ. ಅರ್ಥ್ ಕಟ್ ಆಗಿದ್ರೆ ಆ ಬಲ್ಬ್ ಮೂಲಕವೇ ಮನೇಲಿರೋ ಫ್ರಿಡ್ಜ್, ವಾಷಿಂಗ್ ಮಷೀನ್ ಬಾಡಿಗೆಲ್ಲ ಕರೆಂಟ್ ಬರುತ್ತೆ. ಪ್ಲಗ್ಗೆಲ್ಲ ಕಿತ್ತು, ಮನೆಯವರನ್ನ ಹೊರಗೆ ನಿಲ್ಲಿಸಿ ಮಾಡೋ ಕೆಲಸ.

ಇದರಲ್ಲಿ ಪಾಸಾದ್ರೂ ಅರ್ಥ್ ಒಳ್ಳೇದು ಅಂತಲ್ಲ, 100 ಓಮ್ ಇದ್ರೂ ಆರ್‌ಸಿಸಿಬಿ ಬೀಳುತ್ತೆ. ಅರ್ಥ್ ಟೆಸ್ಟರ್ ತಂದು ಓಮ್ ಅಳೀಬೇಕು, 5ರೊಳಗೆ ಬಂದ್ರೆ ನೆಮ್ಮದಿ. ಆಗ್ಲೂ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದ್ರೆ ಬೀಳೋ ಸ್ವಿಚ್) ಒಂದನ್ನೇ ನಂಬೋ ಹಾಗಿಲ್ಲ: 230 ವೋಲ್ಟ್‌ಗೆ 5 ಓಮ್ ಅಂದ್ರೆ 46 ಆಂಪ್, 16 ಆಂಪಿನ ಸಿ-ಕರ್ವ್ ಮಾದರಿ ಎಂಸಿಬಿ ತಕ್ಷಣ ಬೀಳೋಕೆ ಕಡಿಮೆ ಅಂದ್ರೂ 80 ಬೇಕು. ಆರ್‌ಸಿಸಿಬಿ ಬೇಕಾಗೋದು ಅದಕ್ಕೇ.

ಇನ್ನು ಗೀಸರ್ ಲೈನಿಗೆ 32 ಆಂಪ್ ಎಂಸಿಬಿ ಹಾಕಿದ್ದಕ್ಕೆ "ಈಗ ಟ್ರಿಪ್ ಆಗ್ತಿಲ್ಲ" ಅಂತ ಖುಷಿ ಪಟ್ಟಿದ್ದೀರಲ್ಲ, ನೀವು ಕಳಿಸಿದ ಫೋಟೋದಲ್ಲಿರೋ ವೈರ್ 2.5 ಸ್ಕ್ವೇರ್ ಎಂಎಂ. 16 ಹಾಕಿ, ಹೆಚ್ಚಂದ್ರೆ 20. ಎಂಸಿಬಿ ಕಾಯೋದು ವೈರನ್ನ, ಗೀಸರನ್ನಲ್ಲ. ಪಕ್ಕದಲ್ಲಿ ನ್ಯೂಟ್ರಲ್‌ಗೂ ಕಿಟ್‌ಕ್ಯಾಟ್ ಫ್ಯೂಸ್ (ತಂತಿ ಕಟ್ಟೋ ಹಳೇ ಪಿಂಗಾಣಿ ಫ್ಯೂಸ್) ಕಾಣ್ತಿದೆ, ಅದನ್ನ ಮೊದಲು ತೆಗೆಸಿ. ಅದು ಸುಟ್ರೆ ದೀಪ ಆರುತ್ತೆ, ಫೇಸ್ ಮಾತ್ರ ಹಾಗೇ ಇರುತ್ತೆ.

ವೈರಿನ ಇನ್ಸುಲೇಷನ್ ಅಳೆಯೋಕೆ ಮೆಗ್ಗರ್ ಹಾಕಿಸಿ, 500 ವೋಲ್ಟಿನದು, ಪ್ರತಿ ಸರ್ಕ್ಯೂಟೂ ಕನಿಷ್ಠ 1 ಮೆಗಾಓಮ್ ತೋರಿಸ್ಬೇಕು. ಅದಕ್ಕೂ ಮುಂಚೆ ಎಲ್‌ಇಡಿ, ಫ್ಯಾನ್ ರೆಗ್ಯುಲೇಟರ್, ಯುಪಿಎಸ್ ಬಿಚ್ಚಿಸಿ, ಇಲ್ಲಾಂದ್ರೆ ಸುಟ್ಟದ್ದಕ್ಕೆ ಮಾಲೀಕರ ಹತ್ರ ಜಗಳ. ಯುಪಿಎಸ್ ಇರೋ ಮನೇಲಿ ಮೇನ್ ಆಫ್ ಮಾಡಿದ್ರೂ ಅರ್ಧ ಲೈನ್ ಜೀವಂತ, ನೆನಪಿರಲಿ.

ಆರ್‌ಸಿಸಿಬಿ ಬದಲಾಯಿಸೋದಾದ್ರೆ ಲೆಗ್ರಾಂಡೋ ಹ್ಯಾವೆಲ್ಸೋ ಅಂತ ತಲೆ ಕೆಡಿಸ್ಕೋಬೇಡಿ. ಐಎಸ್ 12640 ಗುರುತು ನೋಡಿ, ಟೈಪ್ ಎ ತಗೊಳ್ಳಿ. ಇನ್ವರ್ಟರ್ ಎಸಿ, ಹೊಸ ವಾಷಿಂಗ್ ಮಷೀನ್‌ಗೆ ಬರೀ ಎಸಿ ಸೋರಿಕೆ ಹಿಡಿಯೋ ಟೈಪ್ ಎಸಿ ಆರ್‌ಸಿಸಿಬಿ ಸಾಲದು. ಸಾವಿರಾರು ರೂಪಾಯಿಯ ಕೆಮಿಕಲ್ ಅರ್ಥಿಂಗ್ ತಲೆಗೆ ಕಟ್ಟೋರ ಹತ್ರ ಮೊದಲು ಓಮ್ ರೀಡಿಂಗ್ ಕೇಳಿ. ಎಷ್ಟೋ ಸಲ ಹಳೇ ಅರ್ಥ್ ಪೈಪಿನ ಕ್ಲಾಂಪ್ ತುಕ್ಕು ತಿಂದಿರುತ್ತೆ, ಅಷ್ಟೇ.

ಸರ್ಟಿಫಿಕೇಟ್ ಲೈಸೆನ್ಸ್ ಇರೋ ಕಂಟ್ರ್ಯಾಕ್ಟರ್‌ದೇ ಇರಲಿ, ಲೈಸೆನ್ಸ್ ನಂಬರು, ಸೀಲು, ಸರ್ಕ್ಯೂಟ್‌ವಾರು ಮೆಗಾಓಮ್, ಅರ್ಥ್ ಓಮ್, ಟ್ರಿಪ್ ಟೈಮ್ (30 ಮಿಲಿಆಂಪ್‌ಗೆ 300 ಮಿಲಿಸೆಕೆಂಡ್ ಒಳಗೆ) ಎಲ್ಲ ಬರೆಸಿ. ಅಂಕಿ ಇಲ್ಲದ "ಓಕೆ" ಯಾರಿಗೂ ಆಗಲ್ಲ. ಇನ್ಶೂರೆನ್ಸ್ ಕೇಳಿದ್ರಲ್ಲ, ಭಾರತ್ ಗೃಹ ರಕ್ಷಾ ಅನ್ನೋ ಮನೆ ಪಾಲಿಸೀಲಿ ಶಾರ್ಟ್ ಆಗಿ ಸುಟ್ಟ ಅದೇ ಉಪಕರಣಕ್ಕೆ ದುಡ್ಡು ಬರಲ್ಲ. ಅದರಿಂದ ಬೆಂಕಿ ಹಬ್ಬಿ ಬೇರೇದು ಸುಟ್ರೆ ಆ ನಿರ್ಬಂಧ ಅನ್ವಯಿಸಲ್ಲ.

ಹಾಗೇ ಕರೆಂಟ್ ಬಿಲ್ಲಲ್ಲಿ ಮಂಜೂರಾದ ಲೋಡ್ ನೋಡಿ. 2 ಕಿಲೋವ್ಯಾಟ್ ಅಂತಿದ್ದು ಬಚ್ಚಲಲ್ಲಿ 3ರ ಗೀಸರ್ ಇದ್ರೆ, ಲೋಡ್ ಏರಿಸೋ ಖರ್ಚನ್ನೂ ಚೌಕಾಸಿಗೆ ಸೇರಿಸಿ.