ಸ್ನೋಮೊಬೈಲ್‌ನ ಹಿಂದಿನ ಸಸ್ಪೆನ್ಷನ್: ಸ್ಪ್ಯಾನರ್‌ಗಿಂತ ಮೊದಲು ಅಳತೆ ಟೇಪು

ಮಿನೆಸೋಟಕ್ಕೆ ಬಂದ ಎರಡನೇ ಚಳಿಗಾಲದಲ್ಲಿ ಹಳೆಯ ಸ್ನೋಮೊಬೈಲ್ ಕೊಂಡಿದ್ದೀರಿ, ಅಂದರೆ ಮುಂದೆ ಸ್ಕೀ, ಹಿಂದೆ ಸುತ್ತುವ ರಬ್ಬರ್ ಬೆಲ್ಟ್ (ಟ್ರ್ಯಾಕ್) ಇರುವ, ಹಿಮದ ಮೇಲೆ ಓಡುವ ಗಾಡಿ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋದರೆ ಪ್ರತಿ ಉಬ್ಬಿನಲ್ಲೂ ಹಿಂಭಾಗ ಧಡ್ ಎಂದು ಬಡಿಯುತ್ತದೆ, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಜಾರುತ್ತದೆ. ಶಾಕ್ (ಶಾಕ್ ಅಬ್ಸಾರ್ಬರ್) ಬದಲಿಸಬೇಕೇ, ಸ್ಕೀ ಅಡಿಯಲ್ಲಿ ಹಿಮವನ್ನು ಕಚ್ಚುವ ಗಟ್ಟಿ ಲೋಹದ ಅಂಚಾದ ಕಾರ್ಬೈಡ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನೀವು ಎರಡು ಕಾಯಿಲೆ ಎಂದುಕೊಂಡಿರುವುದು ಬಹುಶಃ ಒಂದೇ.

ನಾನು ಮಿನೆಸೋಟದ ಡುಲೂತ್‌ನ ಉತ್ತರಕ್ಕಿರುವ ಹಿಮದ ಹಾದಿಗಳಾದ ಟ್ರೇಲ್‌ಗಳಲ್ಲಿ ಹನ್ನೊಂದು ಚಳಿಗಾಲಗಳಿಂದ ಓಡಿಸುತ್ತಿದ್ದೇನೆ. ನನಗೂ ಇದೇ ಆಗಿತ್ತು. ಅಂಗಡಿಯೊಂದರಲ್ಲಿ ಹೊಸ ಕಾರ್ಬೈಡ್ ಹಾಕಿಸಿದರು, ದುಡ್ಡು ಹೋಯಿತು, ಜಾರುವುದು ನಿಲ್ಲಲಿಲ್ಲ. ಇಬ್ಬರ ಭಾರಕ್ಕೆ ಹಿಂಭಾಗ ಕುಸಿದು ಕೂತರೆ ಮೂತಿ ಮೇಲೇಳುತ್ತದೆ, ಸ್ಕೀಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಹಿಮವನ್ನು ಒತ್ತದ ಸ್ಕೀಗೆ ಎಂಥ ಕಾರ್ಬೈಡ್ ಹಾಕಿದರೇನು? ಊರಿನಲ್ಲಿ ಬೈಕಿನ ಹಿಂದೆ ಮೂಟೆ ಕಟ್ಟಿಕೊಂಡು ಹೋದಾಗ ಹ್ಯಾಂಡಲ್ ಹಗುರಾಗುತ್ತಿತ್ತಲ್ಲ, ಹಾಗೆಯೇ ಇದು. ಆಗ ಮೆಕ್ಯಾನಿಕ್ ಕೊಕ್ಕೆ ಸ್ಪ್ಯಾನರ್ ಹಾಕಿ ಹಿಂದಿನ ಶಾಕ್ ಅನ್ನು ಎರಡು ಹಲ್ಲು ಏರಿಸಿ ಕಳುಹಿಸುತ್ತಿದ್ದ. ಇಲ್ಲಿಯೂ ಕೆಲಸ ಅದೇ, ಹಲ್ಲುಗಳು ಇರುವ ಜಾಗ ಮಾತ್ರ ಬೇರೆ.

ಮೊದಲು ಅಳತೆ. ಹಿಂದಿನ ಬಂಪರ್ ಹಿಡಿದು, ಸಸ್ಪೆನ್ಷನ್ ಪೂರ್ತಿ ಚಾಚಿಕೊಳ್ಳುವವರೆಗೆ, ಅಂದರೆ ಟ್ರ್ಯಾಕ್ ನೆಲ ಬಿಡುವ ಹಂತದವರೆಗೆ ಎತ್ತಿಸಿ, ನೆಲದಿಂದ ಬಂಪರ್‌ಗೆ ಎಷ್ಟು ಎತ್ತರವಿದೆ ನೋಡಿ. ಬಳಿಕ ನೀವಿಬ್ಬರೂ ಜಾಕೆಟ್, ಬೂಟು, ಹೆಲ್ಮೆಟ್ ಸಮೇತ ಕುಳಿತು ಒಂದೆರಡು ಸಲ ಕುಲುಕಿ. ಮೂರನೆಯವರು ಅದೇ ಜಾಗದಲ್ಲಿ ಮತ್ತೆ ಅಳೆಯಲಿ. ಎರಡರ ವ್ಯತ್ಯಾಸವೇ ಕುಸಿತ. ಟ್ರೇಲ್ ಓಡಾಟಕ್ಕೆ ಇದು ಸಸ್ಪೆನ್ಷನ್‌ನ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗಿರಬೇಕು. ಒಟ್ಟು ಚಲನೆ ಎಷ್ಟೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ. ನನ್ನದು 14 ಇಂಚಿನದು. ಒಬ್ಬನೇ ಕುಳಿತಾಗ 4 ಇಂಚು ಕುಸಿಯುತ್ತಿತ್ತು, ಇಬ್ಬರು ಕುಳಿತಾಗ 7.5. ಹೊರಡುವ ಮೊದಲೇ ಅರ್ಧ ಖರ್ಚಾಗಿದ್ದರೆ ಉಬ್ಬು ಬಂದಾಗ ತಡೆಯಲು ಉಳಿದದ್ದೇನು?

ಅಳೆಯುವಾಗಲೇ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಖಾಲಿ ಗಾಡಿಯ ಹಿಂಭಾಗವನ್ನು ಎತ್ತಿ ನಿಧಾನವಾಗಿ ಕೆಳಗೆ ಬಿಟ್ಟು ಅದು ನಿಂತ ಎತ್ತರ ಗುರುತಿಸಿ; ಬಳಿಕ ಅದುಮಿ ನಿಧಾನವಾಗಿ ಮೇಲೆ ಬಿಟ್ಟು ಮತ್ತೆ ಗುರುತಿಸಿ. ಎರಡು ಗುರುತುಗಳು ದೂರ ದೂರ ಬಿದ್ದರೆ ಒಳಗೆ ಯಾವುದೋ ಶಾಫ್ಟ್ ಬಿಗಿದುಕೊಂಡಿದೆ ಎಂದರ್ಥ. ಹಳೆಯ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ, ಹಿಂದಿನ ಒಡೆಯರು ಗ್ರೀಸ್ ಗನ್ ಮುಟ್ಟಿರುವುದೇ ಇಲ್ಲ. ಗ್ರೀಸ್ ತುಂಬುವ ಎಲ್ಲ ನಿಪ್ಪಲ್‌ಗಳಿಗೂ ಹಳೆಯ ಕಂದು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ಶಾಕ್‌ನ ಮೈಮೇಲೆ ಎಣ್ಣೆ ಒಸರಿದ್ದರೆ ಮಾತ್ರ ಶಾಕ್ ಕೆಲಸಕ್ಕೆ ಕೈ ಹಾಕಿ.

ಇನ್ನು ತಿರುಗಿಸುವುದು. ನಿಮ್ಮದು ಟಾರ್ಷನ್ ಸ್ಪ್ರಿಂಗ್ ಇರುವ ಗಾಡಿ ಎಂದುಕೊಳ್ಳುತ್ತೇನೆ. ಟ್ರ್ಯಾಕ್‌ನ ಒಳಗೆ ಬಗ್ಗಿ ನೋಡಿದರೆ ಎರಡೂ ಬದಿಯಲ್ಲಿ ದಪ್ಪ ಕಂಬಿಯ ಸುರುಳಿ, ಅದರ ಉದ್ದನೆಯ ಕಾಲು ಹಲವು ಮೂಲೆಗಳಿರುವ ಒಂದು ಗಟ್ಟಿಯ ಮೇಲೆ ಕುಳಿತಿರುವುದು ಕಾಣುತ್ತದೆ. ಆ ಗಟ್ಟಿಯೇ ಕ್ಯಾಮ್. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಗಾಡಿಯ ಜೊತೆ ಬಂದಿರುವ ಸಲಕರಣೆಯಿಂದ ಒಂದೊಂದೇ ಮೆಟ್ಟಿಲು ಏರಿಸಿ: ಕಡಿಮೆ, ಮಧ್ಯಮ, ಹೆಚ್ಚು. ಕಡಿಮೆಯಿಂದ ನೇರವಾಗಿ ಹೆಚ್ಚಿಗೆ ಹಾರಿಸಲು ಹೋದರೆ ಸ್ಪ್ರಿಂಗ್ ನಿಮ್ಮ ಮಣಿಕಟ್ಟನ್ನೇ ತಿರುಚುತ್ತದೆ. ಎಡ ಬಲ ಎರಡೂ ಒಂದೇ ಮೆಟ್ಟಿಲಿನಲ್ಲಿರಲಿ, ಬೆರಳುಗಳು ಸ್ಪ್ರಿಂಗ್ ಕಾಲಿನ ದಾರಿಯಲ್ಲಿ ಬೇಡ. ಮತ್ತೆ ಕುಳಿತು ಅಳೆಯಿರಿ. ಕೊನೆಯ ಮೆಟ್ಟಿಲಿನಲ್ಲೂ ಕುಸಿತ ಹೆಚ್ಚಿದ್ದರೆ ನಿಮಗೆ ಬೇಕಿರುವುದು ಇನ್ನೂ ಗಟ್ಟಿಯಾದ ಸ್ಪ್ರಿಂಗ್, ಹೊಸ ಶಾಕ್ ಅಲ್ಲ.

ಟ್ರ್ಯಾಕ್‌ನ ಮುಂಭಾಗದಲ್ಲಿ ಇನ್ನೊಂದು ಶಾಕ್ ಇದೆ, ಅದರ ಪಕ್ಕದಲ್ಲಿ ಆ ಮುಂಭಾಗ ಹೆಚ್ಚು ಚಾಚದಂತೆ ಹಿಡಿಯುವ ಮಿತಿ ಪಟ್ಟಿ. ಇವೆರಡನ್ನೂ ಈಗಲೇ ಮುಟ್ಟಬೇಡಿ ಎಂದು ಕೈಮುಗಿದು ಹೇಳುತ್ತೇನೆ, ಏಕೆಂದರೆ ಅಂತರ್ಜಾಲದ ಅರ್ಧ ಸಲಹೆಗಳು ಅಲ್ಲಿಂದಲೇ ಶುರುವಾಗುತ್ತವೆ. ಪಟ್ಟಿಯನ್ನು ಗಿಡ್ಡ ಮಾಡಿದರೆ ಸ್ಕೀ ಚೆನ್ನಾಗಿ ಕಚ್ಚುತ್ತದೆ, ನಿಜ. ಅತಿಯಾದರೆ ಹ್ಯಾಂಡಲ್ ಎತ್ತಿನಷ್ಟು ಭಾರ, ಬ್ರೇಕ್ ಹಾಕಿದಾಗ ಬಾಲ ಪಕ್ಕಕ್ಕೆ ಬೀಸುತ್ತದೆ. ಮುಂದಿನ ಶಾಕ್‌ನ ಸ್ಪ್ರಿಂಗ್ ಬಿಗಿಮಾಡಿದರೆ ಸ್ಕೀ ಇನ್ನೂ ಹಗುರಾಗುತ್ತದೆ. ಗಟ್ಟಿ ಮಾಡಿದಷ್ಟೂ ಒಳ್ಳೆಯದೆಂದು ಎಲ್ಲವನ್ನೂ ಬಿಗಿಮಾಡಿದವರು ಸಿಕ್ಕಿಬೀಳುವುದು ಇಲ್ಲಿಯೇ. ಹಿಂಭಾಗ ಸರಿಯಾದ ಮೇಲೂ ಜಾರಿದರೆ ಆಗ ಪಟ್ಟಿಯನ್ನು ಒಂದೇ ಒಂದು ತೂತು ಎಳೆದು, ಟ್ರ್ಯಾಕ್‌ನ ಬಿಗಿ ಮತ್ತೊಮ್ಮೆ ನೋಡಿಕೊಳ್ಳಿ.

ಪ್ರತಿ ಬದಲಾವಣೆಯ ನಂತರ ಅದೇ ಎರಡು ಮೈಲಿ ಓಡಿಸಿ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ. ರಾತ್ರಿ ಹದಗೊಳಿಸಿದ ಟ್ರೇಲ್ ಬೆಳಿಗ್ಗೆ ಕನ್ನಡಿಯಂತಿರುತ್ತದೆ. ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಸಾಲು ಸಾಲು ಉಬ್ಬು. ಬೆಳಿಗ್ಗೆ ಒಂದು, ಸಂಜೆ ಒಂದು ಹೋಲಿಸಿ ನಾನು ಒಂದು ವಾರ ಸುಮ್ಮನೆ ಕ್ಯಾಮ್ ತಿರುಗಿಸಿದ್ದೇನೆ. ಶಾಕ್‌ನ ದಂಡ ಹೊರಗೆ ಕಾಣುವಂತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಟೈ ಸಡಿಲವಾಗಿ ಕಟ್ಟಿ. ಸುತ್ತು ಮುಗಿದಾಗ ಅದು ಎಲ್ಲಿಗೆ ತಳ್ಳಿಸಿಕೊಂಡಿದೆ ಎಂಬುದು ಎಷ್ಟು ಚಲನೆ ಬಳಕೆಯಾಯಿತೆಂದು ಹೇಳುತ್ತದೆ. ದೊಡ್ಡ ಉಬ್ಬಿನಲ್ಲಿ ಅಪರೂಪಕ್ಕೊಮ್ಮೆ ತುದಿ ಮುಟ್ಟಿದರೆ ಹೆದರಬೇಡಿ.

ಒಬ್ಬರೇ ಹೋಗುವ ದಿನ ಕ್ಯಾಮ್ ಇಳಿಸುವುದನ್ನು ಮರೆತರೆ ಸೊಂಟವೇ ನೆನಪಿಸುತ್ತದೆ. ಅಳತೆಯ ಎರಡು ಸಂಖ್ಯೆ, ಗಾಡಿಯ ಮಾದರಿ, ಟ್ರ್ಯಾಕ್ ಉದ್ದ ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.